ಗ್ಯಾಸ್ಕೆಟ್ ಅಲ್ಲ, ಲೈನರ್ ತೂತು: ಹಳೇ ಎಚ್‌ಎಂಟಿ 2511 ಟ್ರ್ಯಾಕ್ಟರ್ ಬಿಚ್ಚಿದ ನನ್ನ ಅನುಭವ

ಎಚ್‌ಎಂಟಿ 2511 ಇಟ್ಕೊಂಡಿರೋರಿಗೆ ಎಂಜಿನ್ ಬಗ್ಗೆ ಹೇಳೋದೇನೂ ಬೇಡ, ಝೆಕ್ ಕಂಪನಿ ಜೆಟಾರ್‌ದು ಡಿಸೈನು, ಎರಡು ಸಿಲಿಂಡರ್, 95 ಎಂಎಂ ಬೋರು, ವೆಟ್ ಲೈನರ್ (ಪಿಸ್ಟನ್ ಓಡಾಡೋ ಕೊಳವೆ, ಅದರ ಹೊರಮೈಗೆ ನೇರವಾಗಿ ನೀರು ತಾಗುತ್ತೆ). ನಮ್ಮದರಲ್ಲಿ ರೇಡಿಯೇಟರ್ ನೀರು ಇಳೀತಾ ಇತ್ತು, ಡಿಪ್ ಸ್ಟಿಕ್ ಎಳೆದ್ರೆ ಆಯಿಲ್ ಮೇಲಕ್ಕೆ ಬಂದಿರೋದು, ಬಣ್ಣ ಥೇಟ್ ಹಾಲು ಹಾಕಿದ ಕಾಫಿ. ತಿಪಟೂರಲ್ಲಿ ಯಾರಿಗೆ ತೋರಿಸಿದ್ರೂ ಒಂದೇ ಮಾತು, ಹೆಡ್ ಗ್ಯಾಸ್ಕೆಟ್ ಹೋಗಿದೆ, ಅಂದ್ರೆ ಎಂಜಿನ್ನಿಗೂ ಮೇಲಿನ ಹೆಡ್ಡಿಗೂ ಮಧ್ಯೆ ಕೂರೋ ಪ್ಯಾಕಿಂಗು. ಗ್ಯಾಸ್ಕೆಟ್ ಹಾಕ್ಸಿ, ಹೆಡ್ ಫೇಸಿಂಗ್ (ತಳ ಸಮ ಮಾಡೋದು) ಮಾಡ್ಸಿ, ಆಯಿಲ್ ಬದಲಾಯಿಸೋಷ್ಟರಲ್ಲಿ ಆರು ಸಾವಿರ ಹೋಯ್ತು, ತೋಟ ಉತ್ತು ಮುಗಿಯೋ ಮೊದ್ಲೇ ಮತ್ತೆ ಅದೇ ಕಥೆ. ಆಮೇಲೆ ಹಾಫ್ ಎಂಜಿನ್ (ಅರ್ಧ ಎಂಜಿನ್ ರಿಪೇರಿ) ಮಾಡ್ಸಿ, ಹೆಡ್ಡೂ ಬೇರೆ ಹಾಕ್ಸಿ ಅಂತ ನಲವತ್ತು ಸಾವಿರದ ಹತ್ರ ಹೇಳಿದ್ರು. ಈ ಗಾಡಿಗೆ ಅಷ್ಟು ಸುರಿಯೋದು ಹುಚ್ಚಾಟ.

ಹಾಗಾಗಿ ನಾನೇ ಕೈ ಹಾಕಿ, ಹೆಡ್ ಬಿಚ್ಚೋಕೆ ಮುಂಚೆ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದೆ. ರೇಡಿಯೇಟರ್ ಹೋಸ್‌ಗಳಿಗೆ ಡಮ್ಮಿ (ಬಿರಡೆ) ಹೊಡೆದು, ಒಂದಕ್ಕೆ ಟ್ಯೂಬ್ ವಾಲ್ವ್ ಕೂರಿಸಿ, ನೀರು ತುಂಬಿ ಸೈಕಲ್ ಪಂಪಲ್ಲಿ ಹದಿನೈದು ಪಿಎಸ್‌ಐ ಹೊಡೆದೆ. ದಿನವಿಡೀ ಒಂದು ಹನಿನೂ ಇಲ್ಲ, ಸುತ್ತ ನಿಂತಿದ್ದೋರು ನಕ್ಕು ಮನೆಗೆ ಹೋದ್ರು. ಮಾರನೇ ದಿನ ಅದೇ ಕೆಲಸ ಬಿಸಿನೀರಲ್ಲಿ ಮಾಡ್ದೆ, ಕೆಳಗೆ ಪೇಪರ್ ಹಾಸಿ. ಅರ್ಧ ಗಂಟೆಗೆ ಮುಂದಿನ ಸಿಲಿಂಡರ್ ಕೆಳಗೆ ಪೇಪರ್ ಒದ್ದೆ! ಇಲ್ಲಿ ಗಮನಿಸ್ಬೇಕಾದ್ದು ಹನಿ ಎಲ್ಲಿಂದ ಬರುತ್ತೆ ಅನ್ನೋದು, ಲೈನರ್ ಹೊರಗಿನ ಅಂಚಲ್ಲಿ ಬಂದ್ರೆ ಅಲ್ಲಿ ನೀರು ತಡೆಯೋ ರಬ್ಬರ್ ಓರಿಂಗ್ ಹೋಗಿದೆ, ಒಳಗೋಡೆ ಮೇಲೆ ಇಳಿದ್ರೆ ಲೈನರ್ರೇ ಹೋಗಿದೆ ಅಥವಾ ನೀರು ಮೇಲಿಂದ, ಅಂದ್ರೆ ಹೆಡ್ ಕಡೆಯಿಂದ, ಪಿಸ್ಟನ್ ರಿಂಗ್ ದಾಟಿ ಬರ್ತಿದೆ. ಕೈಯಲ್ಲಿ ಎಂಜಿನ್ ತಿರುಗಿಸಿ ಪಿಸ್ಟನ್ ಮೇಲೆ ಏರಿಸಿ ಟಾರ್ಚ್ ಬಿಟ್ರೆ ರಿಂಗಿಗಿಂತ ಎಷ್ಟೋ ಕೆಳಗೆ, ಥ್ರಸ್ಟ್ ಸೈಡಲ್ಲಿ (ಪಿಸ್ಟನ್ ಒತ್ತೋ ಪಕ್ಕ), ಸೂಜಿಮೊನೆಯಷ್ಟು ಜಾಗದಲ್ಲಿ ನೀರು ಮಣಿ ಕಟ್ತಾ ಇತ್ತು.

ಲೈನರ್ ಎಳೆದ ಮೇಲೆ ಹೊರಮೈ ನೋಡಿ ನಕ್ಕೋರೆಲ್ಲ ಸುಮ್ಮನಾದ್ರು, ಮೇಲಿಂದ ಕೆಳಗೆ ಉದ್ದಕ್ಕೆ ಗುಳಿ ಗುಳಿ. ಪಿಸ್ಟನ್ ಬಡಿತಕ್ಕೆ ಲೈನರ್ ನಡುಗಿ ನೀರಲ್ಲಿ ಗುಳ್ಳೆ ಎದ್ದು ಒಡೆಯೋದ್ರಿಂದ ಆಗೋದು ಇದು, ಕೂಲಂಟ್ ಇಲ್ದೆ ಬರೀ ಬೋರ್‌ವೆಲ್ ನೀರಲ್ಲಿ ಓಡಿಸಿದ್ರೆ ಇನ್ನೂ ಬೇಗ.

ಹೆಡ್ ಹೇಗಿದ್ರೂ ಬಿಚ್ಚಾಗಿತ್ತಲ್ಲ, ಸೀಮೆಎಣ್ಣೆ ಬಳಿದು ರಾತ್ರಿ ಬಿಟ್ಟು, ಒಣಗಿಸಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದೆ. ಕ್ರ್ಯಾಕ್ ಇದ್ರೆ ಪುಡಿಯಲ್ಲಿ ಒದ್ದೆ ಗೆರೆ ಮೂಡುತ್ತೆ, ವಾಲ್ವ್ ಸೀಟ್‌ಗಳ ಮಧ್ಯೆ ಮುಖ್ಯವಾಗಿ ನೋಡಿ. ಏನೂ ಇರ್ಲಿಲ್ಲ, ಹೆಡ್ ದುಡ್ಡು ಉಳೀತು. ಬೇರಿಂಗ್ ಗ್ಯಾಪಿಗೆ ತೆಳು ಸೀಸದ ಫ್ಯೂಸ್ ವೈರ್ ಇಟ್ಟು ಟೈಟ್ ಮಾಡಿ ಬಿಚ್ಚಿ, ಚಪ್ಪಟೆಯಾದ ವೈರ್ ಅಳೆದೆ, ಮೂರು ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಆಸುಪಾಸು. ಗ್ಯಾಪ್ ನಡೆಯೋ ಹಾಗಿದ್ರೂ ನೀರು ಕುಡಿದ ಆಯಿಲಲ್ಲಿ ಓಡಿ ಬೇರಿಂಗ್ ಮೇಲ್ಪದರ ಸವೆದು ಅಡಿಯ ತಾಮ್ರ ಕಾಣಿಸ್ತಿತ್ತು, ಹಾಗಾಗಿ ಬೇರಿಂಗೂ ಹೊಸದು.

ಬೆಂಗಳೂರು ಜೆಸಿ ರೋಡಲ್ಲಿ ಎರಡೂ ಲೈನರ್ ಕಿಟ್, ಬೇರಿಂಗ್, ಗ್ಯಾಸ್ಕೆಟ್, ಆಯಿಲ್ ಎಲ್ಲಾ ಸೇರಿ ಹದಿನಾರು ಸಾವಿರದ ಒಳಗೇ ಮುಗೀತು, ಕೂಲಿ ನಂದೇ. ಈಗ ಕೂಲಂಟ್ ಹಾಕೇ ಓಡಿಸ್ತಿದೀನಿ, ಒಂದು ಬೇಸಾಯ ಪೂರ್ತಿ ಆಯ್ತು, ಆಯಿಲ್ ಕಪ್ಪಗೇ ಇದೆ. ಪುಲ್ಲರ್ ಇಲ್ದೆ ಲೈನರ್ ಹೇಗೆ ಎಳೆದೆ, ಓರಿಂಗಿಗೆ ಏನು ಹಚ್ಚಿದೆ ಅಂತ ಮಾತ್ರ ಕೇಳ್ಬೇಡಿ, ಗ್ರೀಸ್ ಅಂತೂ ಅಲ್ಲ.