ನೆಗಡಿಯ ಹಿಂದೆಯೇ ಬರುವ ಕುಂಟು: ನನ್ನ ಅನುಭವ

ಮಳೆಗಾಲ ಹಿಡಿಯಿತೆಂದರೆ ನನ್ನ ಕ್ಲಿನಿಕ್ಕಿಗೆ ಅಪ್ಪಂದಿರ ಹೆಗಲೇರಿ ಬರುವ ಮಕ್ಕಳು ಹೆಚ್ಚು. ಹತ್ತು ದಿನದ ಹಿಂದೆ ನೆಗಡಿ, ಇವತ್ತು ಬೆಳಿಗ್ಗೆ ಕಾಲೂರಲು ಒಲ್ಲೆ ಎಂಬ ಹಟ. ವೈರಸ್ ಸೋಂಕಿನ ಬೆನ್ನಿಗೆ ಬರುವ ಸೊಂಟದ ಕೀಲಿನ ಈ ಉರಿಯೂತ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಬ್ಯಾಕ್ಟೀರಿಯಾದಿಂದ ಕೀಲಿನಲ್ಲಿ ಕೀವಾದರೂ ಆರಂಭದಲ್ಲಿ ಹೀಗೆಯೇ ಕಾಣಬಹುದು, ಅದಕ್ಕೆ ತುರ್ತು ಚಿಕಿತ್ಸೆ ಬೇಕು. ಇವರಲ್ಲಿ ಹೆಚ್ಚಿನವರನ್ನು ಮನೆಯಲ್ಲೇ ಗುಣಪಡಿಸುತ್ತೇನೆ ಎಂದಾಗ ಮೂಳೆ ತಜ್ಞ ಮಿತ್ರರೊಬ್ಬರು ನಕ್ಕಿದ್ದರು: ‘ಒಂದು ದಿನ ಕೀವು ತುಂಬಿದ ಕೀಲನ್ನೇ ಮನೆಗೆ ಕಳಿಸುತ್ತೀರಿ, ನೋಡುತ್ತಿರಿ.’

ಮೊದಲೆರಡು ವರ್ಷ ನಾನೂ ಹೆದರಿ ಎಲ್ಲರನ್ನೂ ದಾಖಲು ಮಾಡಿಸಿದೆ. ಸ್ಕ್ಯಾನ್, ಕೀಲಿನ ನೀರಿನ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ), ಐದು ದಿನ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್; ಬಿಲ್ಲು ಹದಿನೈದು ಸಾವಿರದ ಆಸುಪಾಸು. ಕಲ್ಚರ್‌ನಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಒಬ್ಬ ತಂದೆ ಅಡಿಕೆ ಮಂಡಿಯಲ್ಲಿ ಮುಂಗಡ ತಂದು ಹಣ ಕಟ್ಟಿದ. ಮಗ ಮೂರನೇ ದಿನವೇ ವಾರ್ಡಿನಲ್ಲಿ ಓಡಾಡುತ್ತಿದ್ದ.

ಆಮೇಲೆ, ಕೀವಿನ ಕೀಲನ್ನು ಈ ಉರಿಯೂತದಿಂದ ಬೇರ್ಪಡಿಸಲು ಅಮೆರಿಕದ ಮೂಳೆ ತಜ್ಞ ಕೋಚರ್ ಅವರ ತಂಡ 1999ರಲ್ಲಿ ಕೊಟ್ಟ ನಾಲ್ಕು ಲಕ್ಷಣಗಳನ್ನು ಬಿಗಿಯಾಗಿ ಹಿಡಿದೆ: 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕಾಲೂರದಿರುವುದು, 40 ದಾಟಿದ ಈಎಸ್‌ಆರ್ (ಉರಿಯೂತ ತಿಳಿಸುವ ರಕ್ತಪರೀಕ್ಷೆ), 12,000 ದಾಟಿದ ಬಿಳಿ ರಕ್ತಕಣ. ಎರಡಿದ್ದರೆ ದೊಡ್ಡಾಸ್ಪತ್ರೆಗೆ. ಒಂದೂ ಇಲ್ಲದಿದ್ದರೆ ನೋವು-ಉರಿಯೂತ ತಗ್ಗಿಸುವ ಐಬುಪ್ರೊಫೆನ್, ವಿಶ್ರಾಂತಿ, ಮರುದಿನ ತಪ್ಪದೆ ತಪಾಸಣೆ. ಡೆಂಗಿಯ ಗುಮಾನಿಯಿದ್ದರೆ, ಐಬುಪ್ರೊಫೆನ್‌ನಿಂದ ರಕ್ತಸ್ರಾವದ ಭಯವಿರುವುದರಿಂದ, ಪ್ಯಾರಸಿಟಮಾಲ್ ಮಾತ್ರ. ರಕ್ತಪರೀಕ್ಷೆ, ಔಷಧ ಸೇರಿ ಐನೂರರ ಒಳಗೇ ಮುಗಿಯುತ್ತದೆ. ಕಾಲೂರಲು ಒಲ್ಲದ ಮಗುವನ್ನು ನಡೆಸಿ ನೋಡಲು ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕ್ಲಿನಿಕ್ಕಿಗೆ ಬಂದರೆ ತೋರಿಸುತ್ತೇನೆ.

ಮಿತ್ರರ ಮಾತು ಒಮ್ಮೆ ನಿಜವೂ ಆಯಿತು. ನಾಲ್ಕು ವರ್ಷದ ಹುಡುಗಿ, ಬೆಳಿಗ್ಗೆ ಈಎಸ್‌ಆರ್ ಇಪ್ಪತ್ತೈದೋ ಏನೋ, ಜ್ವರವಿರಲಿಲ್ಲ. ಸಂಜೆಗೆ ಮೈ ಸುಡುತ್ತಿತ್ತು, ಡಯಾಪರ್ ಬದಲಿಸಲು ಕಾಲು ಸರಿಸಿದರೂ ಚೀರುತ್ತಿದ್ದಳು. ಆ ರಾತ್ರಿಯೇ ಕಳಿಸಿದೆ, ಕೀಲು ತೆರೆದು ತೊಳೆದರು. ಅಂದಿನಿಂದ ಮನೆಗೆ ಕಳಿಸಿದ ಪ್ರತಿ ಮಗುವಿನ ಜ್ವರವನ್ನು ಅದೇ ಸಂಜೆ ಫೋನಿನಲ್ಲಿ ಕೇಳುತ್ತೇನೆ. ಇನ್ನೊಬ್ಬ ಹುಡುಗನ ಕುಂಟು ಎರಡು ವಾರ ದಾಟಿದರೂ ‘ಸರಿಹೋಗುತ್ತದೆ’ ಎಂದು ಕಾಯಿಸಿದ್ದೆ. ಕೊನೆಗೆ ಎಕ್ಸ್‌ರೇಯಲ್ಲಿ ಪರ್ತೆಸ್ ಕಾಯಿಲೆ (ತೊಡೆಮೂಳೆಯ ತಲೆಗೆ ರಕ್ತ ಪೂರೈಕೆ ಕಡಿಮೆಯಾಗಿ ಅದು ಹಾಳಾಗುವುದು) ಕಂಡಿತು.

ನಡುವೆ ನೋವು ತಗ್ಗೀತೆಂದು ಕಾಲಿಗೆ ಮರಳಿನ ಚೀಲದ ಭಾರ ಕಟ್ಟಿ ಎಳೆದಿಡುವ ಪ್ರಯೋಗವನ್ನೂ ಐದಾರು ಮಕ್ಕಳಲ್ಲಿ ಮಾಡಿದೆ. ಮಕ್ಕಳು ರಂಪ ಮಾಡಿದ್ದು ಬಿಟ್ಟರೆ ವ್ಯತ್ಯಾಸವೇನೂ ಕಾಣಲಿಲ್ಲ.

ಇದುವರೆಗೆ ನೂರೈವತ್ತರ ಹತ್ತಿರ ಮಕ್ಕಳಾಗಿರಬಹುದು. ಬಹುಪಾಲು ವಾರ ಹತ್ತು ದಿನದಲ್ಲಿ ಶಾಲೆಗೆ ಮರಳಿದ್ದಾರೆ. ಮೂಳೆ ತಜ್ಞ ಮಿತ್ರರು ಈಗ ಇಂಥ ಮಕ್ಕಳನ್ನು ತಾವೇ ನನ್ನ ಬಳಿಗೆ ಕಳಿಸುತ್ತಾರೆ, ಎಕ್ಸ್‌ರೇ ಮಾತ್ರ ಮೊದಲೇ ಅಲ್ಲೇ ಆಗಿರುತ್ತದೆ.