ಮುರಕಲ್ಲಿನ ಗೋಡೆಗೆ ಕೋವಿಯ ಕಪಾಟು ಕೂರಿಸಿದ್ದು

ನಮ್ಮ ಮನೆ ಉಡುಪಿ ಜಿಲ್ಲೆಯ ಹೆಬ್ರಿ ಕಡೆ, ಕಾಡಿನ ಅಂಚಿನಲ್ಲಿ. ಅಡಿಕೆ ತೋಟ, ಕೆಳಗೆ ಎರಡು ಗದ್ದೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಜೋಡು ನಳಿಗೆಯ ಕೋವಿ ಅಜ್ಜನ ಕಾಲದಿಂದ ಇದೆ. ಅಜ್ಜ ಅದನ್ನು ಚಾವಡಿಯ ಗೋಡೆಯಲ್ಲಿ ಎರಡು ಮರದ ಗೂಟದ ಮೇಲೆ ಇಡುತ್ತಿದ್ದರು. ಅಪ್ಪ ಅಟ್ಟಕ್ಕೆ ಹಾಕಿದರು. ಲೈಸೆನ್ಸ್ ನನ್ನ ಹೆಸರಿಗೆ ಆದ ಮೇಲೆ ನನಗೆ ಎರಡೂ ಸರಿ ಕಾಣಲಿಲ್ಲ. ರಜೆಯಲ್ಲಿ ತಂಗಿಯ ಮಕ್ಕಳು ಬರುತ್ತಾರೆ. ಅವರು ಹತ್ತದ ಅಟ್ಟ ಇಲ್ಲ, ತೆರೆಯದ ಪೆಟ್ಟಿಗೆ ಇಲ್ಲ.

ವೆಲ್ಡಿಂಗ್ ಶಾಪಿನಲ್ಲಿ 3 ಮಿ.ಮೀ. ತಗಡಿನ ಕಪಾಟು ಮಾಡಿಸಿದೆ. ಎತ್ತರ 54 ಇಂಚು, ಅಗಲ 12, ಆಳ 10. ಈಗಿನ ಕಾನೂನಿನಲ್ಲಿ ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಕೋವಿ ಇಲ್ಲ, ಹಾಗಾಗಿ ಇದಕ್ಕಿಂತ ದೊಡ್ಡದು ಬೇಡ ಅನಿಸಿತು. ತೂಕ ಹತ್ತಿರ ಹತ್ತಿರ 45 ಕಿಲೋ. ಭಾರ ಅನಿಸುತ್ತದೆ, ಅಲ್ವಾ? ಆದರೆ ಇಬ್ಬರು ಬಂದರೆ ಅಕ್ಕಿ ಮುಡಿ ಹೊತ್ತ ಹಾಗೆ ಹೊತ್ತುಕೊಂಡು ಹೋಗಬಹುದು. ಆಮೇಲೆ ನಿಧಾನಕ್ಕೆ ಎಲ್ಲೋ ಕೂತು ಕತ್ತರಿಸಬಹುದು. ಗೋಡೆಗೆ ಕಚ್ಚಿ ಕೂರದ ಕಪಾಟು ಎಷ್ಟು ಗಟ್ಟಿ ಇದ್ದರೂ ಪ್ರಯೋಜನ ಇಲ್ಲ.

ಫಿಟ್ ಮಾಡಲು ಬಂದವನು ಪೇಟೆಯ ಫ್ಲ್ಯಾಟುಗಳಲ್ಲಿ ಮಾಡುವ ಹಾಗೆಯೇ ಮಾಡಿದ. ಹ್ಯಾಮರ್ ಡ್ರಿಲ್ ಹಿಡಿದು ನಾಲ್ಕು ತೂತು ಕೊರೆದು ನಾಲ್ಕು ಆಂಕರ್ ಬೋಲ್ಟ್ ಹೊಡೆದ. ಎರಡು ಬೋಲ್ಟ್ ಬಿಗಿಯಾದ ಹಾಗೆ ಕಂಡಿತು. ಇನ್ನೆರಡು ಸ್ಪ್ಯಾನರ್ ಹಾಕಿದಷ್ಟೂ ಸುಮ್ನೆ ತಿರುಗುತ್ತಿದ್ದವು. ಅವನು ಹೋದ ಮೇಲೆ ನಾನು ಕಪಾಟಿನ ಮೇಲಂಚು ಹಿಡಿದು ಒಮ್ಮೆ ಜಗ್ಗಿದೆ. ಒಂದು ಬೋಲ್ಟ್ ಬುಡ ಸಮೇತ ಹೊರಗೆ ಬಂತು. ಅದರ ತೋಳಿಗೆ, ಅಂದರೆ ಬೋಲ್ಟಿನ ಸುತ್ತ ಇರುವ ಲೋಹದ ಕೊಳವೆಗೆ, ಕೆಂಪು ಪುಡಿ ಮೆತ್ತಿತ್ತು. ತೂತಿಗೆ ಬೆರಳು ಹಾಕಿ ನೋಡಿದರೆ ಒಳಗೆ ಹೆಬ್ಬೆರಳು ಹಿಡಿಸುವ ಪೊಟರೆ. ಪೊಟರೆಯಲ್ಲಿ ಬಿಳಿ ಶೇಡಿ ಮಣ್ಣು, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು.

ತಪ್ಪು ಬೋಲ್ಟಿನದಲ್ಲ. ಆಂಕರ್ ಬೋಲ್ಟ್ ಬಿಗಿ ಮಾಡಿದಂತೆ ಅದರ ತೋಳು ಅಗಲವಾಗಿ ತೂತಿನ ಗೋಡೆಯನ್ನು ಒತ್ತುತ್ತದೆ. ಆ ಒತ್ತಡದಲ್ಲೇ ಅದು ನಿಲ್ಲಬೇಕು. ಕಾಂಕ್ರೀಟಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ನಮ್ಮ ಗೋಡೆಯ ಮುರಕಲ್ಲು (ಜಂಬಿಟ್ಟಿಗೆ ಅಂತಲೂ ಹೇಳುತ್ತಾರೆ) ಹಾಗಲ್ಲ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಹೊರಮೈ ಗಟ್ಟಿ, ಒಳಗೆ ತೂತು ತೂತು. ಒತ್ತಿದರೆ ಪುಡಿಯಾಗುತ್ತದೆ. ಹ್ಯಾಮರ್ ಮೋಡಿನಲ್ಲಿ ಕೊರೆದರೆ ತೂತು ಇನ್ನೂ ದೊಡ್ಡದಾಗುತ್ತದೆ.

2024ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ನಾನೂ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬಂದೆ. ಮನೆಯಲ್ಲಿ ಕೋವಿ ಇಲ್ಲ, ಮಳೆಯೂ ಇಲ್ಲ, ಗೋಡೆ ಒಣಗಿದೆ. ಕೆಲಸ ಮತ್ತೆ ಮಾಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಗುರುತಿನ ಗಾರೆಯವರೊಬ್ಬರನ್ನು ಮಾತ್ರ ಕರೆದೆ. ಇಂಥ ಕೆಲಸಕ್ಕೆ ನಾಲ್ಕು ಜನ ಬಂದು ನೋಡುವುದು ಬೇಡ.

ಮೊದಲು ಜಾಗ ಬದಲಿಸಿದೆ. ಚಾವಡಿಯ ಹೊರಗೋಡೆ ಬಿಟ್ಟು ಮಲಗುವ ಕೋಣೆ ಮತ್ತು ಉಗ್ರಾಣದ ನಡುವಿನ ಗೋಡೆ ಆರಿಸಿದೆ, ಅದೂ ಮೂಲೆಯಲ್ಲಿ. ಒಂದು ಮಗ್ಗುಲಿಗೆ ಗೋಡೆಯೇ ಅಡ್ಡ ಇದ್ದರೆ ಹಾರೆ ತೂರಿಸಿ ಮೀಟಲು ಆ ಕಡೆ ಜಾಗ ಸಿಗುವುದಿಲ್ಲ. ಹೊರಗೋಡೆಗೆ ಮಳೆಗಾಲದ ತೇವವೂ ಜಾಸ್ತಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ವೈರ್ ಹೋಗಿರುತ್ತದೆ. ಆ ಗೆರೆಯಿಂದ ದೂರ ಉಳಿದೆವು.

ಗಾರೆಯವರು ತೋರಿಸಿಕೊಟ್ಟ ಒಂದು ಉಪಾಯ ನನಗೆ ತುಂಬಾ ಹಿಡಿಸಿತು. ಗಿಲಾವಿನ ಕೆಳಗೆ ಕಲ್ಲು ಎಲ್ಲಿ, ಸಂದು ಎಲ್ಲಿ ಅಂತ ಕಾಣುವುದಿಲ್ಲ. ಅವರು 5 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಸಣ್ಣ ತೂತು ಹಾಕಿ, ಕೆಳಗೆ ಬಿಳಿ ಕಾಗದ ಹಿಡಿದು, ಬೀಳುವ ಪುಡಿ ನೋಡುತ್ತಿದ್ದರು. ಗಿಲಾವು ದಾಟಿದ ಮೇಲೂ ಬೂದಿ ಬಣ್ಣದ್ದೇ ಬಂದರೆ ಸಂದು, ಕೆಂಪು ಬಂದರೆ ಕಲ್ಲು. ಹೀಗೆ ನಾಲ್ಕೂ ಕಡೆ ಕಲ್ಲಿನ ನಡು ಹುಡುಕಿ, ರಟ್ಟಿನ ಮೇಲೆ ಗುರುತು ಮಾಡಿ, ಅದರ ಪ್ರಕಾರ ಕಪಾಟಿನ ಬೆನ್ನಿಗೆ ತೂತು ಹಾಕಿಸಿದೆ. ತೂತಿನ ಅಂಚಿಗೆ ಪ್ರೈಮರ್ ಬಳಿದೆ. ಇಲ್ಲದಿದ್ದರೆ ಕರಾವಳಿಯ ಗಾಳಿಗೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಈ ಸಲ ಬೋಲ್ಟ್ ಗೋಡೆಯೊಳಗೆ ನಿಲ್ಲಲಿಲ್ಲ, ಗೋಡೆಯನ್ನು ದಾಟಿತು. 9 ಇಂಚಿನ ಗೋಡೆ, ಎರಡು ಕಡೆ ಗಿಲಾವು ಸೇರಿ 10. ಉದ್ದದ 16 ಮಿ.ಮೀ. ಬಿಟ್ಟಿನಿಂದ, ಹ್ಯಾಮರ್ ಆಫ್ ಮಾಡಿ, ನಿಧಾನಕ್ಕೆ ಕೊರೆದೆವು. ಪೊಟರೆ ಸಿಕ್ಕಿದಾಗ ಡ್ರಿಲ್ ಬಿಟ್ ಒಂದು ಬದಿಗೆ ಎಳೆಯುತ್ತದೆ. ಆಗ ಕೈ ಒತ್ತಬಾರದು. 12 ಮಿ.ಮೀ. ಥ್ರೆಡ್ ರಾಡಿನ ನಾಲ್ಕು ತುಂಡುಗಳಿಗೆ ಒಂದೊಂದು 5 ಇಂಚು ಚದರದ, 6 ಮಿ.ಮೀ. ದಪ್ಪದ ಪ್ಲೇಟ್ ವೆಲ್ಡ್ ಮಾಡಿಸಿ ಉಗ್ರಾಣದ ಕಡೆಯಿಂದ ತೂರಿಸಿದೆವು. ಆ ಕಡೆ ಬಿಚ್ಚಲು ನಟ್ಟೇ ಇಲ್ಲ. ನಟ್ಟು, ದಪ್ಪ ವಾಷರ್ ಎಲ್ಲ ಕಪಾಟಿನ ಒಳಗೆ. ಬಾಗಿಲಿಗೆ ಬೀಗ ಬಿದ್ದ ಮೇಲೆ ಅವು ಯಾರ ಕೈಗೂ ಸಿಗುವುದಿಲ್ಲ. ನಾಲ್ಕಕ್ಕೂ ಸೇರಿಸಿ ಒಂದೇ ದೊಡ್ಡ ಪ್ಲೇಟ್ ಹಾಕಬಹುದಿತ್ತು. ಆದರೆ ತೂತುಗಳು ಆ ಕಡೆ ಹೊರಬರುವಾಗ ಅರ್ಧ ಇಂಚು ಆಚೀಚೆ ಆಗಿರುತ್ತವೆ. ಬೇರೆ ಬೇರೆ ಪ್ಲೇಟ್ ಆದರೆ ತೊಂದರೆ ಇಲ್ಲ.

ಪ್ಲೇಟುಗಳನ್ನು ಗಾರೆಯ ಮೇಲೆ ಒತ್ತಿ ಕೂರಿಸಿ, ತೂತಿನ ಸಂದಿಗೆ ಕುಗ್ಗದ ಗ್ರೌಟ್ ತುಂಬಿ, ಏಳು ದಿನ ಮುಟ್ಟಲಿಲ್ಲ. ಆಮೇಲೆ ನಟ್ಟು ಬಿಗಿ ಮಾಡಿದೆವು. ಕಪಾಟಿನ ಅಡಿಗೆ ಕಾವಿ ನೆಲದ ಮೇಲೆ ಗ್ರಾನೈಟ್ ತುಂಡೊಂದನ್ನು ಗಾರೆಯಲ್ಲಿ ಕೂರಿಸಿದ್ದೇವೆ. ಗುಡಿಸಿ ಒರೆಸುವ ನೀರು ತಗಡಿಗೆ ತಾಗುವುದಿಲ್ಲ, ಅಡಿಯಲ್ಲಿ ಹಾರೆಯ ಮೊನೆ ಹೋಗುವಷ್ಟು ಸಂದೂ ಉಳಿದಿಲ್ಲ. ಉಗ್ರಾಣದ ಕಡೆ ಗಿಲಾವು ಎಳೆದು ಸುಣ್ಣ ಬಳಿದ ಮೇಲೆ ಪ್ಲೇಟ್ ಎಲ್ಲಿದೆ ಅಂತ ನನಗೇ ಹುಡುಕಬೇಕು. ಗಾರೆಯವರೂ ನಾನೂ ಸೇರಿ ಹಾರೆ ಹಿಡಿದು ಬಲ ಹಾಕಿ ನೋಡಿದೆವು. ಕಪಾಟಿನ ಬಣ್ಣ ಕೆತ್ತಿ ಹೋಯಿತು, ಕಪಾಟು ಅಲುಗಲಿಲ್ಲ.

ಗೋಡೆಯ ಆಚೆ ಅಂಗಳವೋ ಪಕ್ಕದ ಮನೆಯೋ ಇದ್ದರೆ ಹೀಗೆ ಮಾಡಲು ಆಗುವುದಿಲ್ಲ. ಕಾಪುವಿನಲ್ಲಿ ಭಾವನ ಮನೆಗೆ ಕೆಮಿಕಲ್ ಆಂಕರ್ ಹಾಕಿದೆವು. ತೂತಿಗೆ ಜಾಲರಿಯ ತೋಳು ಇಟ್ಟು, ಅಂಟು ಒತ್ತುವ ಗನ್ನಿನಿಂದ ರೆಸಿನ್ (ಗಟ್ಟಿಯಾಗುವ ಅಂಟು) ತುಂಬಿ, ರಾಡನ್ನು ತಿರುಗಿಸುತ್ತಾ ಒಳಗೆ ಇಳಿಸುವುದು. ಜಾಲರಿಯಿಂದ ಹೊರಬಂದ ರೆಸಿನ್ ಪೊಟರೆಗಳಿಗೆ ಇಳಿದು ಗಟ್ಟಿಯಾಗುತ್ತದೆ. ಕಲ್ಲನ್ನು ಒತ್ತುವುದಿಲ್ಲ, ಹಿಡಿದುಕೊಳ್ಳುತ್ತದೆ. ಆದರೆ ತೂತಿನ ಪುಡಿ ಪೂರ್ತಿ ಹೋಗಬೇಕು. ಬ್ರಷ್ ಹಾಕಿ, ಗಾಳಿ ಊದಿ, ಮತ್ತೆ ಬ್ರಷ್, ಮತ್ತೆ ಗಾಳಿ. ಪುಡಿ ಉಳಿದರೆ ರೆಸಿನ್ ಪುಡಿಗೆ ಅಂಟುತ್ತದೆ, ಕಲ್ಲಿಗಲ್ಲ. ಆಟಿ ತಿಂಗಳ ಜೋರು ಮಳೆಯಲ್ಲಿ, ಗೋಡೆ ನೀರು ಕುಡಿದಿರುವಾಗ, ಈ ಕೆಲಸ ಖಂಡಿತ ಬೇಡ.

ಜೂನ್‌ನಲ್ಲಿ ಫಲಿತಾಂಶ ಬಂದ ಮೇಲೆ ಕೋವಿ ಮನೆಗೆ ಬಂತು. ಬಂದ ದಿನವೇ ನಳಿಗೆ ಬಿಚ್ಚಿ, ಖಾಲಿ ಅಂತ ಎರಡು ಸಲ ನೋಡಿ, ಎಣ್ಣೆ ಒರೆಸಿ ಒಳಗೆ ಇಟ್ಟೆ. ಚರ್ಮದ ಚೀಲದಲ್ಲಿ ಇಡುವುದಿಲ್ಲ, ಅದು ತೇವ ಹಿಡಿಯುತ್ತದೆ. ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಒರೆಸುತ್ತೇನೆ. ಕಪಾಟಿನ ಅಡಿಯಲ್ಲಿ ಸಿಲಿಕಾ ಜೆಲ್ ಚೀಲ ಇದೆ. ಅದರ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೊರಗೆ ತೆಗೆದು ಒಣಗಿಸುತ್ತೇನೆ. ತೋಟೆಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದ ಪೆಟ್ಟಿಗೆಯಲ್ಲಿ. ಕಪಾಟಿನ ಕೀ ಒಂದು ನನ್ನ ಸೊಂಟದ ದಾರದಲ್ಲಿ, ಇನ್ನೊಂದು ಬ್ಯಾಂಕ್ ಲಾಕರಿನಲ್ಲಿ.