ಕಾಲೇಜು ಬದಲಿಸಬೇಕಾ? ನಾನು ತೀರ್ಮಾನಕ್ಕೆ ಬಂದ ಬಗೆ

ಕಾಲೇಜು ಸೇರಿ ಏಳನೇ ವಾರ. ಕ್ಲಾಸ್ ಮುಗಿದು ಎಲ್ಲರೂ ಗುಂಪು ಗುಂಪಾಗಿ ಹೊರಟರು. ಯಾರ ಜೊತೆ ಹೋಗಬೇಕೋ ತಿಳಿಯದೆ ನಾನು ಬ್ಯಾಗಿನ ಜಿಪ್ ಎಳೆಯುತ್ತಾ ಸುಮ್ನೆ ತಡ ಮಾಡಿದೆ. ಅವತ್ತು ರಾತ್ರಿಯೇ ಬೇರೆ ಕಾಲೇಜುಗಳ ಅರ್ಜಿ ಹುಡುಕಲು ಕೂತೆ.

ಯಾರೂ ನನಗೆ ತೊಂದರೆ ಕೊಟ್ಟಿರಲಿಲ್ಲ. ಹಿಂಸೆ, ಬೆದರಿಕೆ ಇದ್ದರೆ ಇಷ್ಟೆಲ್ಲ ಯೋಚಿಸುತ್ತಾ ಕೂರಬಾರದು, ಮೊದಲು ದೂರು ಕೊಟ್ಟು ಸುರಕ್ಷಿತ ಜಾಗಕ್ಕೆ ಹೋಗಬೇಕು. ನನಗಿದ್ದದ್ದು "ಇದು ನನ್ನ ಜಾಗ ಅಲ್ಲ" ಅನ್ನುವ ಭಾವನೆ ಅಷ್ಟೆ. ಆದರೆ ಅದೇ ದಿನವಿಡೀ ಕಾಡುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಹೊತ್ತಲ್ಲಿ ಹಾಗೆ ಅನ್ನಿಸುತ್ತೆ ಕಣೇ?" ನನಗೆ ಉತ್ತರ ಗೊತ್ತಿರಲಿಲ್ಲ.

ಮರುದಿನದಿಂದ ನಾಲ್ಕು ವಾರ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಮನಸ್ಸು ಕುಗ್ಗಿದಾಗೆಲ್ಲ ಗಂಟೆ, ಜಾಗ, ಆಗ ಏನು ಮಾಡುತ್ತಿದ್ದೆ ಅಂತ ಒಂದು ಸಾಲು. ಕೊನೆಗೆ 31 ಸಾಲುಗಳಾದವು. ಅದರಲ್ಲಿ 22 ಸಂಜೆ ಆರರ ನಂತರದವು ಇಲ್ಲವೇ ಭಾನುವಾರದವು. ಅಂದರೆ ಒಂಟಿತನ. ಉಳಿದ ಒಂಬತ್ತು ಬೇರೆ ಥರ. ಅವೆಲ್ಲ ಕೆಮಿಸ್ಟ್ರಿ ಲ್ಯಾಬಿನ ಹೊತ್ತಿನವು. ಪ್ರಯೋಗಕ್ಕಿಂತ ಅದರಿಂದ ಬಂದ ಅಂಕಿಗಳ ಮೇಲೆ ನನಗೆ ಆಸೆ. ಓದಬೇಕು ಅನ್ನಿಸಿದ್ದು ಸಂಖ್ಯಾಶಾಸ್ತ್ರ. ನಮ್ಮ ಕಾಲೇಜಲ್ಲಿ ಅದು ಮುಖ್ಯ ವಿಷಯವಾಗಿ ಇರಲೇ ಇಲ್ಲ.

ಈ ಎರಡನ್ನು ಬೇರೆ ಮಾಡಿದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು. ಒಂಟಿತನ ನಾನು ಹೋದಲ್ಲಿಗೂ ಬರಬಹುದು. ಇಲ್ಲದ ವಿಷಯ ಮಾತ್ರ ಇಲ್ಲೇ ಕೂತರೆ ಹುಟ್ಟಿಕೊಳ್ಳುವುದಿಲ್ಲ, ಅಲ್ವಾ?

ಒಂಟಿತನದ ಬಗ್ಗೆ ಓದುವಾಗ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಅಧ್ಯಯನ ಸಿಕ್ಕಿತು. ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗೂ ಜಾಸ್ತಿ ಬೇಕು ಅಂತ ಅವರ ಅಂದಾಜು. ನಾನು ಲೆಕ್ಕ ಹಾಕಿದೆ. ರೂಮ್‌ಮೇಟ್ ಜೊತೆ ನಿಜವಾಗಿ ಮಾತಾಡುತ್ತಾ ಕಳೆದದ್ದು ಹತ್ತು ಗಂಟೆಯೂ ಆಗಿರಲಿಲ್ಲ. ಸಮಯವನ್ನೇ ಕೊಡದೆ ಇಲ್ಲಿ ಯಾರೂ ನನ್ನವರಲ್ಲ ಅಂದುಕೊಂಡಿದ್ದೆ. ಅವತ್ತಿನಿಂದ ಸಂಜೆ ರೂಮಿನ ಬಾಗಿಲು ತೆರೆದಿಟ್ಟೆ. ವಾರಕ್ಕೆರಡು ದಿನ ನಾಟಕದ ತಂಡದಲ್ಲಿ ರಂಗಸಜ್ಜಿಕೆಯ ಕೆಲಸಕ್ಕೆ ಸೇರಿದೆ. ಕೈಗೆ ಕೆಲಸವಿದ್ದರೆ ಮಾತು ಸುಲಭವಾಗಿ ಬರುತ್ತದೆ. ಮೂವರು ಸೀನಿಯರ್‌ಗಳನ್ನು ಮೊದಲ ವರ್ಷದ ಬಗ್ಗೆ ಕೇಳಿದೆ. ಇಬ್ಬರು ತಾವೂ ಬಿಟ್ಟುಹೋಗಲು ಅರ್ಜಿ ತುಂಬಿದ್ದೆವು ಅಂದರು.

ಅದರ ಜೊತೆಗೇ ಸಂಖ್ಯಾಶಾಸ್ತ್ರ ಇದ್ದ ಕಾಲೇಜೊಂದಕ್ಕೆ ಅರ್ಜಿಯನ್ನೂ ಹಾಕಿದೆ. ಅರ್ಜಿ ಹಾಕಿದ ಮಾತ್ರಕ್ಕೆ ಹೋಗಲೇಬೇಕು ಅಂತ ಇಲ್ಲವಲ್ಲ. ಕೊನೆಯ ದಿನಾಂಕ ಕಳೆದರೆ ಮಾತ್ರ ಆಯ್ಕೆಯೇ ಉಳಿಯುವುದಿಲ್ಲ.

ಇಲ್ಲಿ ಒಂದು ವಿಷಯ ಎಲ್ಲರೂ ಗಮನಿಸಬೇಕು. ಕ್ರೆಡಿಟ್ ಅಂದರೆ ಪಾಸಾದ ಪ್ರತಿ ವಿಷಯಕ್ಕೆ ಪದವಿಯ ಲೆಕ್ಕದಲ್ಲಿ ಸಿಗುವ ಅಂಕೆ. "ನನ್ನ ಕ್ರೆಡಿಟ್ ಒಪ್ಪುತ್ತೀರಾ?" ಅಂತ ಕೇಳಿದರೆ ಸಾಲದು. "ಈ ಪದವಿಯ ಯಾವ ಕಡ್ಡಾಯ ವಿಷಯದ ಬದಲಿಗೆ ಲೆಕ್ಕಕ್ಕೆ ಬರುತ್ತೆ?" ಅಂತ ಕೇಳಬೇಕು. ನಾನು ಪ್ರತಿ ವಿಷಯದ ಸಿಲಬಸ್ ಕಳಿಸಿದೆ. 40 ಕ್ರೆಡಿಟ್ ಒಪ್ಪಿದರು, ಆದರೆ ಅದರಲ್ಲಿ 12 ಐಚ್ಛಿಕ ವಿಷಯಗಳ ಖಾತೆಗೆ ಹೋದವು. ಅಂದರೆ ಅವು ಕಡ್ಡಾಯ ವಿಷಯಗಳ ಬದಲಿಗೆ ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ನನಗೆ ಒಂದು ಸೆಮಿಸ್ಟರ್ ಹೆಚ್ಚು, ಒಂದು ಸೆಮಿಸ್ಟರಿನ ಫೀಸೂ ಹೆಚ್ಚು. ವಿದ್ಯಾರ್ಥಿವೇತನ ಜೊತೆಗೆ ಬರುತ್ತಾ, ಹಾಸ್ಟೆಲ್ ಸಿಗುತ್ತಾ ಅನ್ನೋದನ್ನೂ ಬರಹದಲ್ಲೇ ಕೇಳಿ ಪಡೆದೆ. ಬಾಯಿಮಾತು ನಂಬಿಕೊಂಡು ಇಂಥ ತೀರ್ಮಾನ ಮಾಡಬೇಡಿ.

ಎರಡನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸೀಟು ಸಿಕ್ಕಿತು. ಆದರೆ ಅಷ್ಟರಲ್ಲಿ ನನ್ನ ಸಂಜೆಗಳು ಬದಲಾಗಿದ್ದವು. ರೂಮ್‌ಮೇಟ್ ಗೆಳತಿಯಾಗಿದ್ದಳು, ನಾಟಕದ ತಂಡ ಮನೆಯಂತಾಗಿತ್ತು. ಪತ್ರ ಕೈಯಲ್ಲಿ ಹಿಡಿದು ಮತ್ತೆ ಅತ್ತೆ, ಈ ಸಲ ಬಿಟ್ಟುಹೋಗಬೇಕಲ್ಲ ಅಂತ. ಇಷ್ಟೆಲ್ಲ ಸ್ನೇಹಿತರಿದ್ದರೂ ಹೋಗುತ್ತೀಯಾ ಅಂತ ನನ್ನನ್ನೇ ಕೇಳಿಕೊಂಡೆ. ಮೂರು ದಿನ ಕೇಳಿಕೊಂಡರೂ ಹೌದು ಅಂತಲೇ ಬಂತು. ಲ್ಯಾಬಿನ ಆ ಒಂಬತ್ತು ಸಾಲುಗಳು ಹಾಗೇ ಇದ್ದವು.

ಹೊಸ ಕಾಲೇಜಿನ ಮೊದಲ ಸೆಮಿಸ್ಟರಲ್ಲಿ ನನ್ನ ಅಂಕ ಇಳಿಯಿತು. ಬದಲಾಯಿಸಿಕೊಂಡು ಬಂದವರಿಗೆ ಹೀಗಾಗುವುದು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ 1960ರ ದಶಕದಿಂದಲೇ 'ಟ್ರಾನ್ಸ್‌ಫರ್ ಶಾಕ್' ಅನ್ನುವ ಹೆಸರಿದೆ. ಅದು ಮೊದಲೇ ಗೊತ್ತಿದ್ದರಿಂದ ತಪ್ಪು ಮಾಡಿದೆ ಅಂತ ಅನ್ನಿಸಲಿಲ್ಲ. ಸಂಜೆಗಳು ಮತ್ತೆ ಖಾಲಿಯಾದವು. ಏಳು ಗಂಟೆಗೆ ಹಳೆಯ ರೂಮ್‌ಮೇಟ್ ಫೋನ್ ಮಾಡುತ್ತಿದ್ದಳು, ನಾನು ಕಾಯುತ್ತಿದ್ದೆ.

ಮೂರನೇ ತಿಂಗಳಲ್ಲಿ ಒಂದು ದಿನ ಅವಳ ಕರೆ ಬಂದಾಗ ನಾನು ರೂಮಲ್ಲಿ ಇರಲಿಲ್ಲ. ಲೈಬ್ರರಿಯಲ್ಲಿ ನಾಲ್ಕು ಜನ ಸೇರಿ ಒಂದು ಲೆಕ್ಕ ಬಿಡಿಸುತ್ತಿದ್ದೆವು. ರಾತ್ರಿ ನಾನೇ ಅವಳಿಗೆ ಫೋನ್ ಮಾಡಿದೆ.